ಅತ್ತೆಯ ಹಿಟ್ಟು, ಕುರಿಯ ಬೆನ್ನು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಹೋದದ್ದು ಎರಡು ಸಾವಿರದ ಐದರಲ್ಲೋ ಆರರಲ್ಲೋ ಎಂಬುದು ಪಾಸ್‌ಪೋರ್ಟ್ ತೆಗೆದು ನೋಡಿದರೆ ತಿಳಿಯುತ್ತದೆ. ಆದರೆ ಯಾರು ಯಾವ ಮಾತನ್ನು ಯಾವ ದನಿಯಲ್ಲಿ ಹೇಳಿದರು ಎಂಬುದಕ್ಕೆ ಯಾರೂ ಮುದ್ರೆ ಒತ್ತಿಲ್ಲ. ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ಅದರಿಂದ ಆಗಿರುವ ಉಪಕಾರ ಒಂದೇ: ನಾನು ಎಷ್ಟು ಬೇಗ ಕಥೆ ಕಟ್ಟುತ್ತೇನೆ ಎಂದು ನನಗೆ ಗೊತ್ತಾಗಿದೆ. ಬೆಳಿಗ್ಗೆ ನಡೆದದ್ದು ಸಂಜೆ ಬರೆಯುವಷ್ಟರಲ್ಲಿ ಸ್ವಲ್ಪ ಅಂದವಾಗಿರುತ್ತದೆ, ಅದರಲ್ಲಿ ನಾನು ಸ್ವಲ್ಪ ಜಾಣೆಯಾಗಿರುತ್ತೇನೆ. ಹಾಗಾಗಿ ಓದುವವರು ನನ್ನನ್ನು ಪೂರ್ತಿ ನಂಬಬೇಕಾಗಿಲ್ಲ. ನಂಬಿಕೆ ಎಲ್ಲಿ ನಿಲ್ಲುತ್ತದೆ ಎಂಬುದೇ ಈ ಪ್ರಯಾಣದ ವಿಷಯವೂ ಆಗಿತ್ತು.

ಕಲ್ಯಾಣದುರ್ಗ

ಪರದೇಶ ಪ್ರವಾಸ ವಿಮಾನ ನಿಲ್ದಾಣದಲ್ಲಿ ಶುರುವಾಗುತ್ತದೆ ಎನ್ನುತ್ತಾರೆ. ನನ್ನದು ಆಂಧ್ರದ ಗಡಿಯ ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲಿ, ಶೇರ್ ಜೀಪಿನ ಹಿಂದಿನ ಸೀಟಿನಲ್ಲಿ ಶುರುವಾಯಿತು. "ಅಮ್ಮಾಯಿ, ಕೊಂಚೆಂ ಪಟ್ಟುಕೋ" ಎಂದು ಪಕ್ಕದ ಹೆಂಗಸು ನನ್ನ ಮಡಿಲಿಗೆ ಒಂದು ಕೋಳಿ ಕೊಟ್ಟಳು. ಸೆರಗು ಸರಿಮಾಡಿಕೊಳ್ಳುವಷ್ಟು ಹೊತ್ತು ಹಿಡಿದುಕೋ ಎಂದಿರಬೇಕು ಅಂದುಕೊಂಡೆ. ಅವಳು ಇಳಿಯುವವರೆಗೂ ಅದು ನನ್ನ ಮಡಿಲಲ್ಲೇ ಇತ್ತು.

ನಾನು ಹೊರಟಿದ್ದು ಲಿಂಗಮ್ಮತ್ತೆಯ ಹಳ್ಳಿಗೆ. ಲಿಂಗಮ್ಮತ್ತೆ ಅಪ್ಪನ ಅಕ್ಕ. ಅವರದು ಕಂಬಳಿ ನೇಯುವ ಮನೆ. ಮಾವ ಮಗ್ಗದ ಗುಂಡಿಯಲ್ಲಿ ಕೂರುತ್ತಾರೆ. ಅಂಗಳದಲ್ಲಿ ಎಳೆದು ಕಟ್ಟಿದ ಉಣ್ಣೆಯ ನೂಲಿಗೆ ಗಂಜಿ ಹಚ್ಚುವುದು ಅತ್ತೆಯ ಕೆಲಸ. ಗಂಜಿ ಎಂದರೆ ಹುಣಸೆ ಬೀಜದ್ದು. ಬೀಜ ಹುರಿದು, ಕುಟ್ಟಿ, ಕೆಂಪು ಸಿಪ್ಪೆ ಹಾರಿಸಿ, ಒಳಗಿನ ಬಿಳಿ ಬೇಳೆಯನ್ನು ಬೀಸಿ ಹಿಟ್ಟು ಮಾಡಿ ಕುದಿಸುತ್ತಾರೆ. ಆ ಅಂಟು ನೂಲನ್ನು ಹಿಡಿದು ನಿಲ್ಲಿಸುತ್ತದೆ.

ನನಗೆ ಬೇಕಾಗಿದ್ದದ್ದು ಆ ಹಿಟ್ಟು. ನಾನು ಆಗ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ವಿಷಯ ಎಲುಬಿಗೆ ಹಾಕುವ ಸಿಮೆಂಟು. ವಯಸ್ಸಾದವರ ಬೆನ್ನುಮೂಳೆಯ ಒಂದು ಮಣಿ ಒಳಗೊಳಗೇ ಕುಸಿದಾಗ, ಬೆನ್ನು ಕೊಯ್ಯದೆ, ದಪ್ಪ ಸೂಜಿಯೊಂದನ್ನು ಮೂಳೆಯೊಳಕ್ಕೆ ಇಳಿಸಿ ಅದರ ಮೂಲಕ ಹಿಟ್ಟಿನಂಥದ್ದನ್ನು ತುಂಬುತ್ತಾರೆ. ಸೂಜಿಯಲ್ಲಿರುವಾಗ ಅದು ಇಡ್ಲಿ ಹಿಟ್ಟಿನಂತೆ ಹರಿಯಬೇಕು, ಮೂಳೆ ಸೇರಿದ ಮೇಲೆ ಕಲ್ಲಾಗಬೇಕು. ಎಲ್ಲ ಕಡೆ ಬಳಸುತ್ತಿದ್ದದ್ದು ಒಂದು ಬಗೆಯ ಪ್ಲಾಸ್ಟಿಕ್. ಗಟ್ಟಿಯಾಗುವಾಗ ಅದು ಸುಡುತ್ತದೆ, ಕೊನೆಯವರೆಗೂ ಮೂಳೆಗೆ ಹೊರಗಿನದಾಗಿಯೇ ಉಳಿಯುತ್ತದೆ. ನಾವು ಮಾಡುತ್ತಿದ್ದದ್ದು ಮೂಳೆಯಲ್ಲೇ ಇರುವ ಸುಣ್ಣದ ಲವಣಗಳಿಂದ. ಅದು ಸುಡುವುದಿಲ್ಲ. ಕಾಲ ಕೊಟ್ಟರೆ ಮೂಳೆಯೊಂದಿಗೆ ಮೂಳೆಯಾಗಬಹುದು. ಆದರೆ ಅದಕ್ಕೊಂದು ಕೆಟ್ಟ ಗುಣವಿದೆ. ಸಿರಿಂಜನ್ನು ಒತ್ತಿದರೆ ನೀರು ಮುಂದೆ ಓಡುತ್ತದೆ, ಪುಡಿ ಹಿಂದೆ ಉಳಿದು ಕಚ್ಚಿಕೊಳ್ಳುತ್ತದೆ. ಹದ ತಪ್ಪಿದ ಚಕ್ಕುಲಿ ಹಿಟ್ಟು ಒತ್ತುವ ಒರಳಿನಲ್ಲಿ ಸಿಕ್ಕಿಕೊಂಡಂತೆ. ಚಕ್ಕುಲಿಯಾದರೆ ಒರಳು ಬಿಚ್ಚಿ ತೊಳೆಯಬಹುದು. ಸೂಜಿಯ ತುದಿ ಮನುಷ್ಯನ ಬೆನ್ನೊಳಗಿರುವಾಗ, ಮುಂದೆ ಓಡಿದ ಆ ತೆಳು ನೀರು ರಕ್ತನಾಳ ಹೊಕ್ಕರೆ, ಬೆನ್ನುಹುರಿಯ ಕಡೆ ಸರಿದರೆ, ಏನನ್ನೂ ಬಿಚ್ಚಿ ತೊಳೆಯಲು ಆಗುವುದಿಲ್ಲ.

ಅತ್ತೆಯ ಹಿಟ್ಟಿನಿಂದ ತೆಗೆದ ಅಂಟು ಬೆರೆಸಿದರೆ ನೀರು ಓಡುತ್ತಿರಲಿಲ್ಲ. ನನ್ನ ಪಿಎಚ್‌ಡಿ ನಿಂತಿದ್ದದ್ದು ಈ ಒಂದು ವಾಕ್ಯದ ಮೇಲೆ. ಚಿಕ್ಕವಳಿದ್ದಾಗ ಅತ್ತೆ ನೂಲಿಗೆ ಗಂಜಿ ಹಚ್ಚುವುದನ್ನು ನೋಡಿ ಇದು ಹೊಳೆಯಿತು ಎಂದು ಎಲ್ಲರಿಗೂ ಹೇಳುತ್ತಿದ್ದೆ. ಕೇಳಿದವರಿಗೆ ಖುಷಿಯಾಗುತ್ತಿತ್ತು. ನಿಜವಾಗಿ ಹಾಗೆ ಹೊಳೆಯಿತೋ, ಎಲ್ಲೋ ಓದಿದ್ದಕ್ಕೆ ಆಮೇಲೆ ಅತ್ತೆಯನ್ನು ಜೋಡಿಸಿದೆನೋ, ಈಗ ಹೇಳಲಾರೆ.

"ಏಮೇ ಜಯಾ, ಈ ಬಿಸ್ಲಾಗ್ ಬಂದ್ಬುಟ್ಯಲ್ಲ. ಮಜ್ಜಿಗೆ ಕುಡಿ ಮೊದ್ಲು" ಅಂದಳು ಅತ್ತೆ.

"ಹಿಟ್ಟು ರೆಡಿ ಐತಾ ಅತ್ತೆ?"

"ನಿನ್ ಮದ್ವೆ ಒಂದು ರೆಡಿ ಆಗ್ಲಿಲ್ಲ, ಹಿಟ್ಟು ಯಾವಾಗ್ಲೋ ರೆಡಿ ಐತೆ."

ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಯಾರು ಎಂದು ತೆಲುಗಿನಲ್ಲಿ ಕೇಳಿದಳು. "ಮಾ ತಮ್ಮುಡಿ ಕೂತುರು" ಎಂದು ಅತ್ತೆ ಇಲ್ಲಿಂದಲೇ ಕೂಗಿದಳು. ತಮ್ಮನ ಮಗಳು ಫಾರಿನ್ನಿಗೆ ಹೋಗುತ್ತಾಳೆ, ಅಲ್ಲಿಗೂ ನಮ್ಮ ಗಂಜಿಯೇ ಬೇಕಂತೆ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ, ನನ್ನ ಕಡೆ ತಿರುಗಿದಳು.

"ಅಲ್ಲಿ ಯಾರಿಗೆ ಚುಚ್ತೀಯಾ ಇದ್ನ?"

"ಕುರಿಗೆ."

"ಕುರಿಗೇನಾಗೈತೆ?"

"ಏನೂ ಆಗಿಲ್ಲ. ಚೆನ್ನಾಗಿರೋ ಕುರಿಗೇ ಹಾಕಿ ನೋಡೋದು. ಆಮ್ಯಾಲೆ ಮನುಷ್ಯರಿಗೆ."

ಅತ್ತೆ ಮಜ್ಜಿಗೆಯ ಲೋಟವನ್ನು ನನ್ನ ಮುಂದಿಟ್ಟಳು. "ನಾವು ಕುಂಟೋ ಕುರಿಗೆ ಔಷ್ದಿ ಹಾಕ್ತೀವಿ ಕಣಮ್ಮ. ಚೆನ್ನಾಗಿರೋದ್ನ ಕೆಡವಿ ಚುಚ್ಚೋದು ನಂಗೆ ತಿಳೀದಪ್ಪ."

ಮುಚ್ಚಳ ಬಿಗಿಯಾದ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಹಿಟ್ಟು ತುಂಬಿಟ್ಟಿದ್ದಳು. ಹಿಂದಿನ ವರ್ಷಗಳಲ್ಲೂ ಹೀಗೆಯೇ ಕೊಡುತ್ತಿದ್ದಳು. ಇದಕ್ಕೆ ಏನೂ ಬೆರೆಸಿಲ್ಲ ತಾನೆ ಎಂದು ನಾನು ಅವತ್ತು ಕೇಳಿದೆ, ಅವಳು ಏನು ಬೆರೆಸುತ್ತಾರೆ ಎಂದು ನಕ್ಕಳು. ಕೇಳಿದೆ ಎಂದು ನನ್ನ ನೆನಪು. ಕೇಳಬೇಕಾಗಿತ್ತು ಎಂಬುದಂತೂ ಖಂಡಿತ.

ಹಿಂದೂಪುರ

ಹಿಂದೂಪುರ ನನ್ನೂರು. ಅಪ್ಪ ಹುಣಸೆ ಮಂಡಿಯಲ್ಲಿ ಗುಮಾಸ್ತ. ಹುಣಸೆಯ ಕಾಲದಲ್ಲಿ ನಮ್ಮ ಬೀದಿಯ ಗಾಳಿಯೇ ಹುಳಿ. ಹಣ್ಣು ಬಿಡಿಸಿದ ಮೇಲೆ ಬೀಜ ಗುಡ್ಡೆಗುಡ್ಡೆಯಾಗಿ ಬೀಳುತ್ತದೆ. ಅಪ್ಪ ಮಂಡಿಗೆ ಬಂದವರಿಗೆಲ್ಲ ನನ್ನ ವಿಷಯ ಹೇಳಿದ್ದ. "ಹಣ್ಣಿಗೆ ಗಿರಾಕಿ ಯಾವಾಗ್ಲೂ ಅವ್ರೆ. ಬೀಜಕ್ಕೆ ಬೆಲೆ ತಂದಿದ್ದು ನನ್ ಮಗ್ಳು ಕಣಪ್ಪ" ಎನ್ನುವುದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಅದನ್ನು ಕೇಳಿದಾಗ ಮಂಡಿಯೊಳಕ್ಕೆ ಹೋಗದೆ ಮನೆ ಕಡೆ ತಿರುಗುತ್ತಿದ್ದೆ.

ಹೊರಡುವ ಮುಂಚೆ ಬಸ್ ಸ್ಟ್ಯಾಂಡ್ ಹತ್ತಿರದ ನೆಟ್ ಸೆಂಟರಿಗೆ ಹೋಗಿ ಮೇಲ್ ನೋಡಿದೆ. ಪುಟ ಸಾಲುಸಾಲಾಗಿ ತೆರೆಯಿತು. ನನ್ನನ್ನು ಕರೆಸಿಕೊಂಡಿದ್ದ ಪ್ರೊಫೆಸರ್ ಉರ್ಸುಲಾ ಸ್ವಿಟ್ಜರ್ಲೆಂಡಿನಿಂದ ಬರೆದಿದ್ದರು. ಅವರು ಅಲ್ಲೇ ಕೊಂಡ ಶುದ್ಧ ಹುಣಸೆ ಅಂಟಿನಿಂದ ನನ್ನ ಸಿಮೆಂಟನ್ನು ಮಾಡಿ ನೋಡಿದ್ದರಂತೆ. ನೀರು ಬಿಟ್ಟಿತಂತೆ. ಮತ್ತೆ ಮಾಡಿದರೂ ಅದೇ. "ನಿನ್ನ ಹಿಟ್ಟನ್ನೇ ತೆಗೆದುಕೊಂಡು ಬಾ. ನಮ್ಮ ಮುಂದೆ ಮೊದಲಿನಿಂದ ಮಾಡಿ ತೋರಿಸು. ಕುರಿಯ ಶಸ್ತ್ರಚಿಕಿತ್ಸೆ ಗುರುವಾರಕ್ಕೆ ಇಟ್ಟಿದ್ದೇವೆ. ಅಷ್ಟರಲ್ಲಿ ಸರಿಯಾಗದಿದ್ದರೆ ಆ ಜಾಗಕ್ಕೆ ನಮ್ಮ ಹಳೆಯ ಸಿಮೆಂಟು ಹೋಗುತ್ತದೆ."

ಬರೆದಿದ್ದದ್ದು ಇಷ್ಟೇ. ಬರೆಯದೇ ಇದ್ದದ್ದು ನನಗೆ ಗೊತ್ತಿತ್ತು. ಕುರಿಯಲ್ಲಿ ಗೆದ್ದರೆ ನನ್ನ ಕೆಲಸ ಉಳಿಯುತ್ತದೆ. ಅವರ ಕೈಯಲ್ಲಿ ಆಗದ್ದು ನನ್ನ ಕೈಯಲ್ಲಿ ಮಾತ್ರ ಆಗುತ್ತದೆ ಎಂದಾದರೆ, ಅದಾಗಲೇ ಅಚ್ಚಾಗಿದ್ದ ನನ್ನ ಲೇಖನವನ್ನು ಜನ ಬೇರೆ ಥರ ಓದುತ್ತಾರೆ.

ಅಮ್ಮ ಕಡ್ಲೆಕಾಯಿ ಚಟ್ನಿಪುಡಿಯನ್ನು ಅಂಥದೇ ಇನ್ನೊಂದು ಡಬ್ಬದಲ್ಲಿ ತುಂಬಿ, ಎರಡನ್ನೂ ಒಂದೇ ಬಗೆಯ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ರೈಲಿನಲ್ಲಿ ಬೆಂಗಳೂರಿನವರೆಗೂ ಯಾವುದು ಯಾವುದೆಂದು ಬಿಚ್ಚಿ ಬಿಚ್ಚಿ ನೋಡುತ್ತಿದ್ದೆ.

ದಾಟಿಹೋದ ಸ್ಟೇಷನ್ನು

ಜ್ಯೂರಿಕ್ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಡಬ್ಬ ತೆರೆಸಿದ. ತಿನ್ನುವುದೇ ಎಂದು ಕೇಳಿದ. ಅಲ್ಲ ಎಂದೆ. ಔಷಧಿಯೇ ಎಂದ. ಇನ್ನೂ ಅಲ್ಲ ಎಂದೆ. ಈ ಉತ್ತರ ಅವನಿಗೆ ಹಿಡಿಸಲಿಲ್ಲ. ಉರ್ಸುಲಾ ಕಳಿಸಿದ್ದ ಆಹ್ವಾನ ತೋರಿಸಿದಾಗ ಅದನ್ನು ಓದಿ, ಡಬ್ಬದ ಮೇಲೆ ಬಾಗಿ ಒಮ್ಮೆ ಮೂಸಿ, ಮುಖ ಹಿಂದಕ್ಕೆ ತೆಗೆದು, ಹೋಗು ಎಂದು ಕೈ ಮಾಡಿದ. ಅವನ ಮುಖ ಯಾಕೆ ಹಾಗಾಯಿತು ಎಂದು ನಾನು ಆಗ ಯೋಚಿಸಲಿಲ್ಲ. ಚಟ್ನಿಪುಡಿಯ ಡಬ್ಬವನ್ನು ಅವನು ಮುಟ್ಟಲೇ ಇಲ್ಲ. ಅದರಲ್ಲಿ ಬೆಳ್ಳುಳ್ಳಿ ಇತ್ತು.

ಅಲ್ಲಿಂದ ಉರ್ಸುಲಾ ಅವರ ಊರಿಗೆ ರೈಲು. ನಮ್ಮ ಪ್ಯಾಸೆಂಜರ್ ಗಾಡಿಗಳಲ್ಲಿ ಬಾಗಿಲು ಮುಚ್ಚುವುದೇ ಒಂದು ಕೆಲಸ. ತೆರೆಯುವುದು ಯಾರಿಗೂ ಚಿಂತೆಯಲ್ಲ. ಇಲ್ಲಿ ನನ್ನ ಸ್ಟೇಷನ್ ಬಂದಾಗ ಸಾಮಾನು ಹಿಡಿದು ಬಾಗಿಲ ಮುಂದೆ ನಿಂತೆ. ಬಾಗಿಲು ತೆರೆಯಲಿಲ್ಲ. ವಿಮಾನ ನಿಲ್ದಾಣದಲ್ಲಿ ಎಲ್ಲವೂ ತಾನಾಗಿ ತೆರೆದುಕೊಂಡಿದ್ದರಿಂದ ಇದೂ ತೆರೆಯುತ್ತದೆ ಎಂದು ಮರ್ಯಾದೆಯಿಂದ ಕಾದೆ. ರೈಲು ಹೊರಟಿತು. ಹಿಂದೆ ಕೂತಿದ್ದ ಮುದುಕಿ ಎದ್ದು ಬಂದು, ಬಾಗಿಲ ಪಕ್ಕದಲ್ಲಿದ್ದ ಗುಂಡಿಯನ್ನು ತೋರಿಸಿ, ಒಂದು ಮಾತೂ ಆಡದೆ ಹೋಗಿ ಕೂತಳು. ಅವಳು ಅಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದಳು. ನಮ್ಮ ಕಡೆಯಾಗಿದ್ದರೆ ಬೋಗಿಯ ಅರ್ಧ ಜನ ಒತ್ತು ಒತ್ತು ಎಂದು ಕೂಗುತ್ತಿದ್ದರು, ಉಳಿದವರು ಇಳಿದ ಮೇಲೆ ಎಲ್ಲಿಗೆ ಹೋಗುತ್ತೀಯ ಎಂದು ಕೇಳುತ್ತಿದ್ದರು. ಇಲ್ಲಿ ಕೇಳದವರಿಗೆ ಸಹಾಯ ಮಾಡುವುದು ಒರಟುತನವೆಂದು ಆಮೇಲೆ ತಿಳಿಯಿತು.

ಮುಂದಿನ ಸ್ಟೇಷನ್ನಿನಲ್ಲಿ ಗುಂಡಿ ಒತ್ತಿ ಇಳಿದು, ಚಳಿಯಲ್ಲಿ ಡಬ್ಬಗಳನ್ನು ಎದೆಗವಚಿಕೊಂಡು ವಾಪಸ್ ಗಾಡಿಗೆ ಕಾದೆ.

ಊಟದ್ದು ಇನ್ನೊಂದು ಕಥೆ. ಭಾರತದವಳು ಎಂದ ಕೂಡಲೇ ಸಸ್ಯಾಹಾರಿ ಎಂದು ತೀರ್ಮಾನಿಸಿ, ದಿನವೂ ನನಗಾಗಿ ಚೀಸಿನ ಅಡುಗೆ ಮಾಡಿಸುತ್ತಿದ್ದರು. ಪಕ್ಕದ ತಟ್ಟೆಗಳಲ್ಲಿ ಕುರಿಮಾಂಸ. ನಾನು ಹಬ್ಬಕ್ಕೆ ತಲೆಮಾಂಸ ಬಿಡದ ಮನೆಯವಳು. ಮೊದಲ ದಿನ ಹೇಳಲಿಲ್ಲ, ಆಮೇಲೆ ಹೇಳಲು ಸಂಕೋಚವಾಯಿತು.

ಲ್ಯಾಬು

ಉರ್ಸುಲಾ ನನಗಿಂತ ಬಹಳ ಹಿರಿಯರು. ಎತ್ತರದ, ಕೂದಲು ಗಿಡ್ಡ ಕತ್ತರಿಸಿದ ಹೆಂಗಸು. ಹೆಸರು ಹಿಡಿದು ಕರೆ ಎಂದು ಮೊದಲ ಗಳಿಗೆಯಲ್ಲೇ ಹೇಳಿದರು. ನನ್ನ ಬಾಯಿಗೆ ಅದು ಬರಲಿಲ್ಲ. ಮೇಡಂ ಎಂದರೆ ಅವರಿಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಏನೂ ಕರೆಯದೆ, ಅವರು ನನ್ನ ಕಡೆ ನೋಡುವವರೆಗೆ ಕಾದು ಮಾತಾಡುತ್ತಿದ್ದೆ.

ಸೋಮವಾರ ಅವರ ಮುಂದೆ ಹಿಟ್ಟು ಕುದಿಸಿದೆ, ಬಟ್ಟೆಯಲ್ಲಿ ಸೋಸಿದೆ, ಒಣಗಿಸಿದೆ. ಮಂಗಳವಾರ ಸಿಮೆಂಟು ಕಲೆಸಿದೆವು. ಒಂದು ಸಿರಿಂಜಿನಲ್ಲಿ ಅವರ ಶುದ್ಧ ಅಂಟಿನದು, ಇನ್ನೊಂದರಲ್ಲಿ ನನ್ನದು. ಒತ್ತುವುದು ಯಂತ್ರ. ಹಾಗಾಗಿ ಕೈಚಳಕದ ಮಾತಿಲ್ಲ. ಅವರದು ಮೊದಲು ಚೆನ್ನಾಗಿ ಬಂತು, ಆಮೇಲೆ ಸೂಜಿಯ ತುದಿಯಲ್ಲಿ ಒಂದು ತಿಳಿ ಹನಿ ಕಾಣಿಸಿತು. ಹನಿ ಬಿತ್ತು. ಯಂತ್ರ ಇನ್ನಷ್ಟು ಒತ್ತಿತು, ಏನೂ ಬರಲಿಲ್ಲ. ನನ್ನದು ಸೂಜಿಯಿಂದ ದಾರದ ಹಾಗೆ ಇಳಿಯಿತು, ಕೊನೆಯವರೆಗೂ ಇಳಿಯಿತು. ಬೆಚ್ಚಗಿನ ಉಪ್ಪುನೀರಿನಲ್ಲಿ ಬಿದ್ದ ದಾರ ಕದಡಲಿಲ್ಲ, ಗಟ್ಟಿಯಾಯಿತು.

ಅಪ್ಪ ಅಲ್ಲಿದ್ದರೆ ಮಂಡಿಗೆಲ್ಲ ಕೂಗಿ ಹೇಳುತ್ತಿದ್ದ. ಉರ್ಸುಲಾ ಮುಖದಲ್ಲಿ ಸಂತೋಷ ಕಾಣಲಿಲ್ಲ.

"ಎರಡರಲ್ಲೂ ಹುಣಸೆ ಅಂಟೇ ಇದೆ. ಹಾಗಾದರೆ ಗೆದ್ದದ್ದು ಯಾವುದು?" ಎಂದು ಕೇಳಿದರು.

ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಬೀಜದ ಹಿಟ್ಟನ್ನು ಶುದ್ಧ ಮಾಡಿದಷ್ಟೂ ಕೆಲಸ ಕೆಡುವುದನ್ನು ನಾನೂ ಬೆಂಗಳೂರಿನಲ್ಲಿ ಕಂಡಿದ್ದೆ. ಬೀಜದಲ್ಲಿ ಸಹಜವಾಗಿರುವ ಪ್ರೋಟೀನು ಶುದ್ಧ ಮಾಡುವಾಗ ಹೋಗಿಬಿಡುತ್ತದೆ, ಅದೇ ಕಾರಣ ಎಂದು ಲೇಖನದಲ್ಲಿ ಬರೆದಿದ್ದೆ. ಅದನ್ನೇ ಹೇಳಿದೆ. ಅವರು ತಲೆಯಾಡಿಸಿ ನನ್ನ ಡಬ್ಬವನ್ನು ತೆಗೆದುಕೊಂಡು ಮುಚ್ಚಳ ತೆರೆದರು. ಮೂಸಿದರು. ಮತ್ತೆ ಮೂಸಿದರು.

"ಇದು ನನ್ನ ಬಾಲ್ಯದ ವಾಸನೆ" ಎಂದರು. "ಹೊಟ್ಟೆ ಕಟ್ಟಿದಾಗ ಅಜ್ಜಿ ಮೂಗು ಹಿಡಿದು ಒಂದು ಎಣ್ಣೆ ಕುಡಿಸುತ್ತಿದ್ದರು."

"ನಮಗೂ ಕುಡಿಸುತ್ತಿದ್ದರು" ಎಂದೆ.

ಇಬ್ಬರೂ ನಕ್ಕೆವು. ನಗು ಮುಗಿಯುವ ಮುಂಚೆಯೇ ನಾವಿಬ್ಬರೂ ಡಬ್ಬದ ಕಡೆ ನೋಡುತ್ತಿದ್ದೆವು.

ಹರಳೆಣ್ಣೆ. ತೊಗರಿಬೇಳೆಯನ್ನು ಡಬ್ಬಕ್ಕೆ ತುಂಬುವ ಮುಂಚೆ ನಮ್ಮ ಕಡೆ ಅಂಗೈಗೆ ಹರಳೆಣ್ಣೆ ಹಾಕಿಕೊಂಡು ಸವರುತ್ತಾರೆ, ಹುಳ ಬೀಳಬಾರದೆಂದು. ತಲೆಗೂ ಅದೇ, ಮಗುವಿನ ನೆತ್ತಿಗೂ ಅದೇ. ನಾನು ಹುಟ್ಟಿದಾಗಿನಿಂದ ನನ್ನ ಅಕ್ಕಿ, ಬೇಳೆ, ದಿಂಬು ಎಲ್ಲದರಲ್ಲೂ ಇದ್ದ ವಾಸನೆ ಅದು. ಅದಕ್ಕೇ ಅದೊಂದು ವಾಸನೆ ಎಂಬುದು ನನಗೆ ಗೊತ್ತಿರಲಿಲ್ಲ. ಹುಣಸೆ ಬೀಜದಲ್ಲಿ ತನ್ನದೇ ಎಣ್ಣೆ ಸ್ವಲ್ಪ ಇರುತ್ತದೆ. ಹಿಟ್ಟಿನ ಜಿಡ್ಡು ಅದರದ್ದೇ ಎಂದು ನಂಬಿದ್ದೆ. ಯಾವ ಎಣ್ಣೆ ಎಂದು ಒಮ್ಮೆಯೂ ಪರೀಕ್ಷೆ ಮಾಡಿರಲಿಲ್ಲ.

ಬುಧವಾರ ಬೆಳಿಗ್ಗೆ ಪರೀಕ್ಷೆ ಮಾಡಿದರು. ಹುಣಸೆ ಬೀಜದಲ್ಲಿ ಇರಲಾರದ, ಹರಳೆಣ್ಣೆಯಲ್ಲಿ ಮಾತ್ರ ಇಷ್ಟೊಂದು ಇರಬಲ್ಲ ಆಮ್ಲ ನನ್ನ ಹಿಟ್ಟಿನಲ್ಲಿತ್ತು.

ಗಾಜಿನ ಪೆಟ್ಟಿಗೆ

ಅತ್ತೆಯ ಹಳ್ಳಿಯಲ್ಲಿ ಆಗ ಒಂದೇ ಎಸ್‌ಟಿಡಿ ಬೂತು. ನಂಬರು ನನ್ನ ಹತ್ತಿರ ಇತ್ತು. ಲ್ಯಾಬಿನ ಹೊರಗೆ ರಸ್ತೆ ಪಕ್ಕದ ಗಾಜಿನ ಫೋನ್ ಪೆಟ್ಟಿಗೆಗೆ ಹೋಗಿ ಕಾರ್ಡು ಹಾಕಿ, ಲಿಂಗಮ್ಮನನ್ನು ಕರೆಸಿ, ಮತ್ತೆ ಮಾಡುತ್ತೇನೆ ಎಂದೆ. ಅತ್ತೆಗೆ ಏನಾದರೂ ಆಗಿದೆಯೋ ಎಂದು ಬೂತಿನವನು ಹೆದರಿದ. ಇಲ್ಲ, ಹಿಟ್ಟಿನ ವಿಷಯ ಎಂದೆ. ಅದನ್ನು ಹೇಳಬಾರದಿತ್ತು. ಮತ್ತೆ ಮಾಡಿದಾಗ ಅತ್ತೆಯ ಹಿಂದೆ ಅರ್ಧ ಬೀದಿಯೇ ಬಂದು ನಿಂತಿರುವುದು ಸದ್ದಿನಲ್ಲೇ ತಿಳಿಯುತ್ತಿತ್ತು.

"ಜಯಾ, ಊಟ ಮಾಡ್ದಾ? ಚಳಿ ಅಂತಲ್ಲ ಅಲ್ಲಿ, ಕಂಬ್ಳಿ ತಗೊಂಡ್ ಹೋಗು ಅಂದ್ರೆ ಬ್ಯಾಡ ಅಂದೆ."

"ಅತ್ತೆ, ಆ ಹಿಟ್ಟಿಗೆ ಹರಳೆಣ್ಣೆ ಹಾಕಿದ್ಯಾ?"

ಆ ಕಡೆ ಯಾರೋ "ಏಮಂಟ?" ಎಂದು ಕೇಳಿದರು. ಏನಂತೆ, ಏನಂತೆ ಎಂಬ ಗುಜುಗುಜು.

"ಯಾಕೆ? ಕೆಟ್ಟೋಯ್ತಾ?" ಅಂದಳು ಅತ್ತೆ.

"ಕೆಟ್ಟಿಲ್ಲ. ಹಾಕಿದ್ಯೋ ಇಲ್ವೋ ಅಷ್ಟೇ ಹೇಳು. ನಾಳೆ ಕುರಿಗೆ ಹಾಕ್ಬೇಕು."

"ನಾನೇನೂ ಹಾಕಿಲ್ಲ ಕಣಮ್ಮ."

"ಹುಣಸೆ ಬೇಳೆಗಾದ್ರೂ ಸವರಿದ್ಯಾ? ಹುಳ ಬೀಳ್ಬಾರ್ದು ಅಂತ?"

"ಏನೂ ಇಲ್ಲ ಅಂದ್ನಲ್ಲ. ಎಲ್ರೂ ಇಲ್ಲೇ ನಿಂತವ್ರೆ, ಆಣೆ ಮಾಡ್ಲಾ?" ದನಿ ಬದಲಾಗಿತ್ತು. "ನಿಮ್ಮಪ್ಪನ್ನ ಎತ್ತಿ ಆಡಿಸಿದ್ ಕೈ ಇದು. ಇದ್ರ ಮ್ಯಾಲೆ ನಿಂಗೆ ಅನುಮಾನ ಬಂತಾ?"

ನಾನು ಏನೋ ಹೇಳುವಷ್ಟರಲ್ಲಿ ಕಾರ್ಡು ಮುಗಿದು ಫೋನು ಸತ್ತಿತು. ಹೊರಗೆ ಒಬ್ಬ ಗಂಡಸು ನನ್ನ ಸರದಿ ಮುಗಿಯಲೆಂದು ದೂರದಲ್ಲಿ, ಬೆನ್ನು ತಿರುಗಿಸಿ ನಿಂತಿದ್ದ. ನನ್ನ ಮಾತು ಕೇಳಿಸಬಾರದೆಂಬ ಮರ್ಯಾದೆ. ಅವನಿಗೆ ಅರ್ಥವಾಗುವ ಒಂದು ಪದವೂ ಅದರಲ್ಲಿ ಇರಲಿಲ್ಲ. ಅಲ್ಲಿ ಅತ್ತೆಯ ಸುತ್ತ ನಿಂತವರಿಗೆ ಎಲ್ಲವೂ ಅರ್ಥವಾಗುತ್ತಿತ್ತು, ಯಾರೂ ಬೆನ್ನು ತಿರುಗಿಸಿರಲಿಲ್ಲ.

ಲ್ಯಾಬಿಗೆ ಹೋದಾಗ ಉರ್ಸುಲಾ ಕಾಯುತ್ತಿದ್ದರು. "ಏನಂದರು?"

"ಹಾಕಿಲ್ಲ ಎಂದರು."

"ನೀನು ನಂಬುತ್ತೀಯಾ?"

"ಅತ್ತೆ ಸುಳ್ಳು ಹೇಳುವವಳಲ್ಲ. ಆದರೆ ಎಣ್ಣೆ ಇದೆ."

"ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ?"

ಗೊತ್ತಿಲ್ಲ ಎಂದೆ. ಅವರು ಕಿಟಕಿಯ ಹತ್ತಿರ ಹೋಗಿ ನಿಂತರು. ನಿನ್ನ ಸಿಮೆಂಟು ನಾನು ನೋಡಿದ ಒಳ್ಳೆಯವುಗಳಲ್ಲಿ ಒಂದು, ಎಣ್ಣೆಯಿಂದಲೇ ಅದು ಹಾಗೆ ಹರಿಯುತ್ತಿರಬಹುದು, ಹಾಗಿದ್ದರೆ ಅದೂ ಒಂದು ಶೋಧವೇ ಎಂದರು. ಆಮೇಲೆ ತಿರುಗಿ, ನಾಳೆ ಕುರಿಗೆ ನಿನ್ನದನ್ನು ಹಾಕಬೇಕೋ ಬೇಡವೋ ನೀನೇ ಹೇಳು ಎಂದರು. "ಅದರಲ್ಲಿ ಏನಿದೆ ಎಂದು ನಿನಗೆ ಗೊತ್ತಿದ್ದರೆ ಹಾಕೋಣ."

ಇಷ್ಟು ವರ್ಷ ಒಂದು ಕುರಿಗಾಗಿ ಕಾದಿದ್ದೆ. ಹಾಕೋಣ ಎಂದಿದ್ದರೆ ಹಾಕುತ್ತಿದ್ದರು. ಬಹುಶಃ ಕುರಿಗೆ ಏನೂ ಆಗುತ್ತಿರಲಿಲ್ಲ. ಬೇಡ ಎಂದೆ. ತಕ್ಷಣ ಹೇಳಿದೆ ಎಂದು ದಿನಚರಿಯಲ್ಲಿದೆ. ಅದನ್ನು ನಾನು ನಂಬುವುದಿಲ್ಲ.

ಕುರಿಮನೆ

ಗುರುವಾರ ನೀನು ಬಾರದಿದ್ದರೂ ಸರಿ ಎಂದು ಉರ್ಸುಲಾ ಹೇಳಿದ್ದರು. ಬಂದೆ.

ಅಲ್ಲಿಯ ಕುರಿಗಳನ್ನು ನಮ್ಮವರು ನೋಡಬೇಕು. ಬೆಳ್ಳಗೆ, ಗುಂಡಗೆ, ಹಾಸಿದ ಹುಲ್ಲಿನ ಮೇಲೆ ಕೂತು ಏನನ್ನೋ ಮೆಲ್ಲುತ್ತಿರುತ್ತವೆ. ಕಲ್ಯಾಣದುರ್ಗದ ಕರಿ ಕುರಿಗಳು ಬೇಸಿಗೆಯಲ್ಲಿ ಒಂದು ಹಸಿರೆಲೆಗಾಗಿ ದಿನವಿಡೀ ನಡೆಯುತ್ತವೆ, ಅವುಗಳ ಕಾಲು ನೋಡಿದರೆ ಸಾಕು. ಇವು ನಡೆದದ್ದೇ ಕಡಿಮೆ. ಅವತ್ತಿನ ಕುರಿಗೆ ಹಿಂದಿನ ದಿನದಿಂದ ಮೇವಿಲ್ಲ. ನೋಡಿಕೊಳ್ಳುವ ಹೆಂಗಸು ಅದರ ಕಿವಿಯ ಹಿಂದೆ ಕೆರೆಯುತ್ತ ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು. ಭಾಷೆ ಬಾರದಿದ್ದರೂ, ಇನ್ನು ಸ್ವಲ್ಪ ಹೊತ್ತು ತಡೆದುಕೋ ಎನ್ನುತ್ತಿದ್ದಾಳೆ ಎಂದು ನನಗನ್ನಿಸಿತು.

ಗಾಜಿನಾಚೆ ನಿಂತು ನೋಡಿದೆ. ಕುರಿಯನ್ನು ಬೋರಲು ಮಲಗಿಸಿ, ಬೆನ್ನಿನ ಉಣ್ಣೆ ಕತ್ತರಿಸಿ, ಎಕ್ಸ್‌ರೇ ಪರದೆ ನೋಡುತ್ತ ಸೂಜಿ ಇಳಿಸಿದರು. ಒಳಗೆ ಹೋದದ್ದು ಅವರ ಹಳೆಯ ಸಿಮೆಂಟು. ಪರದೆಯ ಮೇಲೆ ಮೂಳೆಯೊಳಗೆ ಒಂದು ಕಪ್ಪು ಮೋಡ ಹರಡಿತು. ಹರಡುತ್ತ ಹರಡುತ್ತ ಅಂಚಿನ ಕಡೆ ಒಂದು ಸಣ್ಣ ಬಾಲ ಚಾಚಿತು. ಒತ್ತುತ್ತಿದ್ದ ಕೈ ನಿಂತಿತು. ಬಾಲ ಅಲ್ಲೇ ನಿಲ್ಲುತ್ತದೋ ಮುಂದೆ ಹೋಗುತ್ತದೋ ಎಂದು ಎಲ್ಲರೂ ಪರದೆಯನ್ನೇ ನೋಡುತ್ತಿದ್ದರು. ಅದು ನನ್ನದಾಗಿದ್ದರೆ ಬಾಲ ಬರುತ್ತಿರಲಿಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಮರುಕ್ಷಣ, ನನ್ನದಾಗಿದ್ದು ಬಾಲ ಬಂದಿದ್ದರೆ ಅದರಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ ಎಂದು ಅನ್ನಿಸಿತು.

ಬಾಲ ನಿಂತಿತು. ಸಂಜೆಗೆ ಕುರಿ ಮುಂಗಾಲು ಮಡಿಸಿ, ಹಿಂಗಾಲು ನೆಟ್ಟು, ಎದ್ದಿತು.

ಬೀಳ್ಕೊಡುವಾಗ ಉರ್ಸುಲಾ ನನ್ನ ಕೈ ಹಿಡಿದು, ಉತ್ತರ ಸಿಕ್ಕಿದಾಗ ಬಾ, ಜಾಗ ಇಟ್ಟಿರುತ್ತೇನೆ ಎಂದರು. ಎಷ್ಟು ದಿನ ಇಟ್ಟಿರುತ್ತೀರಿ ಎಂದು ಕೇಳುವ ಧೈರ್ಯವಾಗಲಿಲ್ಲ.

ಮತ್ತೆ ಹಿಂದೂಪುರ, ಮತ್ತೆ ಕಲ್ಯಾಣದುರ್ಗ

ಅಪ್ಪ ಸ್ಟೇಷನ್ನಿಗೆ ಬಂದಿದ್ದ. ಮಂಡಿಯವರೆಲ್ಲ ಕೇಳ್ತಾವ್ರೆ, ಏನ್ ಹೇಳ್ಲಿ ಎಂದ. ಕುರಿ ಚೆನ್ನಾಗಿದೆ ಎಂದು ಹೇಳು ಎಂದೆ. ಅದನ್ನು ಅಪ್ಪ ಎಷ್ಟು ದೊಡ್ಡದು ಮಾಡಿ ಹೇಳಿದನೋ, ನಾನು ವಿಚಾರಿಸಲಿಲ್ಲ.

ಮಂಡಿಯಿಂದ ಬೀಜ ತರಿಸಿದೆ. ಮನೆಯಲ್ಲಿ ನಾನೇ ಹುರಿದು, ಕುಟ್ಟಿ, ಎಣ್ಣೆಯ ಕೈ ಸೋಕಿಸದೆ ಬೀಸಿ, ಬೆಂಗಳೂರಿಗೆ ಒಯ್ದು ಮಾಡಿ ನೋಡಿದೆ. ಕೆಲವು ಸಲ ಸಿಮೆಂಟು ದಾರದಂತೆ ಇಳಿಯಿತು. ಕೆಲವು ಸಲ ನೀರು ಬಿಟ್ಟಿತು. ಬೀಜದ ಮರ ಬೇರೆ, ಹುರಿದ ಹದ ಬೇರೆ, ಕಾರಣ ಯಾವುದೂ ಇರಬಹುದು. ಅದೇ ಹಿಟ್ಟಿಗೆ ಚೂರು ಹರಳೆಣ್ಣೆ ಸೇರಿಸಿದಾಗ ಪ್ರತಿ ಸಲವೂ ಇಳಿಯಿತು. ಮುಂದಿನ ದಾರಿ ಇದರಿಂದ ಗೊತ್ತಾಯಿತು. ಹಿಂದಿನದು ಗೊತ್ತಾಗಲಿಲ್ಲ. ಬೀಜದಲ್ಲಿ ಸಹಜವಾಗಿ ಇರುವುದೇ ನೀರನ್ನು ಹಿಡಿಯುತ್ತದೆ ಎಂದು ನಾನು ಅಚ್ಚು ಹಾಕಿಸಿದ್ದದ್ದು ಮೊದಲ ವರ್ಷದ ಡಬ್ಬದ ಹಿಟ್ಟಿನಿಂದ. ಆ ಡಬ್ಬದಲ್ಲಿ ಪರೀಕ್ಷೆಗೆ ಒಂದು ಚಿಟಿಕೆಯೂ ಉಳಿದಿರಲಿಲ್ಲ. ಆ ಹಿಟ್ಟಿನಲ್ಲೂ ಎಣ್ಣೆ ಇದ್ದಿದ್ದರೆ ನನ್ನ ಮಾತು ಸುಳ್ಳು, ಅದನ್ನು ವಾಪಸ್ ತೆಗೆದುಕೊಳ್ಳಬೇಕು. ಬೇರೆ ಊರುಗಳಲ್ಲಿ ಬೇರೆಯವರು ಅದನ್ನು ಓದಿ ಕೆಲಸ ಶುರುಮಾಡಿದ್ದರು. ಅವರ ಸೂಜಿಗಳ ಮುಂದೆ ಯಾರ ಬೆನ್ನುಗಳಿರುತ್ತವೋ.

ಅತ್ತೆ ಅಂಗಳದಲ್ಲಿ ಕೂತು ಉಣ್ಣೆ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ. ಮಜ್ಜಿಗೆ ಕುಡಿ ಎನ್ನಲೂ ಇಲ್ಲ. ನಾನೇ ಹೋಗಿ ಪಕ್ಕದಲ್ಲಿ ಕೂತೆ.

"ಕುರಿ ಸತ್ತೋಯ್ತಾ?" ಅಂದಳು ತಲೆ ಎತ್ತದೆ.

"ಇಲ್ಲ. ನಮ್ದು ಹಾಕ್ಲೇ ಇಲ್ಲ."

ಕೈ ನಿಂತಿತು. "ಹಾಕ್ಲಿಲ್ವಾ? ನನ್ನಿಂದಾನಾ?"

"ನಿನ್ನಿಂದಲ್ಲ. ನಂಗೇ ಗೊತ್ತಿರ್ಲಿಲ್ಲ, ಅದ್ಕೆ."

ಅತ್ತೆ ಉಣ್ಣೆಯನ್ನು ಪಕ್ಕಕ್ಕಿಟ್ಟು ಹೇಳಿದಳು: "ಸವರಿದ್ದೆ ಕಣೇ. ಬೇಳೆಗೆ. ಅಷ್ಟು ದೂರ ಹೋಗ್ತೈತೆ, ಹುಳ ಬಿದ್ರೆ ನಿನ್ ಮರ್ವಾದೆ ಏನಾಗ್ಬೇಕು ಅಂತ. ಬೂತಲ್ಲಿ ಎಲ್ರೂ ಬಾಯ್ ಬಿಟ್ಕೊಂಡ್ ನಿಂತಿದ್ರು. ನಿನ್ ದನಿ ನೋಡಿದ್ರೆ ಏನೋ ದೊಡ್ ತಪ್ಪಾಗೈತೆ ಅನ್ನಿಸ್ತು. ಇಲ್ಲ ಅಂದ್ಬುಟ್ಟೆ."

"ಹೋಗ್ಲಿ ಬಿಡು. ಮೊದಲ್ನೇ ವರ್ಷ ಕೊಟ್ಟಿದ್ಯಲ್ಲ, ನಾನು ಓದಕ್ಕೆ ಸೇರ್ದಾಗ, ಅದಕ್ಕೂ ಸವರಿದ್ಯಾ?"

"ಸವರಿದ್ದೆ ಅಂದ್ರೆ ಏನಾಯ್ತದೆ?"

ಆಗ ಸುಮ್ಮನಿರಬೇಕಿತ್ತು. ಹೇಳಿಬಿಟ್ಟೆ: "ನಾನು ಬರೆದಿದ್ದು ಸುಳ್ಳಾಯ್ತದೆ."

"ಸವರಿಲ್ಲ ಅಂದ್ರೆ?"

"ನಿಜ ಆಯ್ತದೆ."

"ಹಂಗಾದ್ರೆ ಸವರಿಲ್ಲ ಬಿಡು."

"ಹಂಗಲ್ಲ ಅತ್ತೆ."

"ಮತ್ತೆ ಹೆಂಗೆ? ನಿಂಗೆ ಯಾವ್ದು ಹೇಳಿದ್ರೆ ಒಳ್ಳೇದು ಹೇಳು, ಅದ್ನೇ ಹೇಳ್ತೀನಿ. ಯಾರ್ ಬಂದ್ ಕೇಳಿದ್ರೂ ಅದ್ನೇ ಹೇಳ್ತೀನಿ. ಬೇಕಾದ್ರೆ ನಿಮ್ ಫಾರಿನ್ ಅಮ್ಮನ್ ಮುಂದೂ ಹೇಳ್ತೀನಿ."

ಅವಳು ತಮಾಷೆ ಮಾಡುತ್ತಿರಲಿಲ್ಲ. ತಪ್ಪು ಸರಿಮಾಡುತ್ತಿದ್ದಳು. ಒಮ್ಮೆ ಇಲ್ಲ ಎಂದು ನನಗೆ ತೊಂದರೆ ಮಾಡಿದ್ದೇನೆ, ಈಗ ಸರಿಯಾದದ್ದನ್ನು ಹೇಳಿ ತೀರಿಸಬೇಕು ಎಂದು ಅವಳ ಮುಖವೇ ಹೇಳುತ್ತಿತ್ತು. ಎರಡು ಉತ್ತರಗಳ ಬೆಲೆಯನ್ನೂ ನಾನೇ ಬಾಯಿಬಿಟ್ಟು ಹೇಳಿಯಾಗಿತ್ತು. ಇನ್ನು ಅವಳ ಬಾಯಿಂದ ಯಾವುದು ಬಂದರೂ ಅದು ನನ್ನದೇ ಮಾತು.

ಆಮೇಲೆ ಎಷ್ಟೋ ಸಲ ಹೋಗಿದ್ದೇನೆ. ಬೇರೆ ಬೇರೆ ದಾರಿಯಿಂದ ಕೇಳಿದ್ದೇನೆ. ಆ ವರ್ಷ ಬೇಳೆ ಎಲ್ಲಿಟ್ಟಿದ್ದೆ, ಆ ವರ್ಷ ಹುಳ ಬಿದ್ದಿತ್ತಾ. ನನ್ನ ಮುಖವನ್ನೇ ನೋಡಿ, ನನಗೆ ಏನು ಬೇಕಾಗಿದೆ ಎಂದು ಹುಡುಕುತ್ತಾಳೆ. ಹೋದ ತಿಂಗಳು ಅವಳ ಮುಖ ನೋಡದೆ, ಹೊಸ್ತಿಲಲ್ಲಿ ಬೆನ್ನು ಮಾಡಿ ಕೂತು ಕೇಳಿದೆ:

"ಅತ್ತೆ, ನಂಗೆ ಒಳ್ಳೇದಾಗೋದು ಬ್ಯಾಡ. ನಿಂಗೆ ನಿಜವಾಗ್ಲೂ ಏನ್ ನೆನಪೈತೆ?"